ಅಣುವಿದ್ಯುತ್ ಸ್ಥಾವರದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ಏನು ಕೆಲಸ?

ಗುಬ್ಬಿಯ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಅಣುಶಕ್ತಿ ಇಲಾಖೆಯ ತರಬೇತಿ ಶಾಲೆಗೆ ಅರ್ಜಿ ಹಾಕಬೇಕೆಂಬ ಆಸೆ ಇದೆ. ಮನೆಯಲ್ಲಿ ಅಪ್ಪನಿಗೆ ಒಪ್ಪಿಗೆಯಿಲ್ಲ. "ಅಲ್ಲಿ ಭೌತವಿಜ್ಞಾನದವರಿಗೆ ಕೆಲಸ, ಬಾಯ್ಲರ್ ಓದಿದವರಿಗೆ ಕೆಲಸ. ನೀನು ಹೋಗಿ ತಂತಿ ಎಳೆಯಬೇಕಷ್ಟೆ. ಅದರ ಬದಲು ಬೆಸ್ಕಾಂ ಪರೀಕ್ಷೆ ಬರೆ" ಎನ್ನುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಪಠ್ಯಪುಸ್ತಕದಲ್ಲಿ ರಿಯಾಕ್ಟರ್, ಟರ್ಬೈನ್, ಜನರೇಟರ್ ಎಂಬ ಮೂರು ಚೌಕಗಳಿವೆ. ನಮ್ಮ ಪಾಲಿಗೆ ಕೊನೆಯ ಚೌಕ ಮಾತ್ರ. ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದ ಹಿರಿಯರು ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ತಿಪಟೂರಿನ ತೆಂಗು ಬೆಳೆಗಾರ

ನಿಮ್ಮ ಜಿಲ್ಲೆಯ ಹೆಸರು ಹೇಳಿ ಹೆಮ್ಮೆಯಿಂದ ಅರ್ಜಿ ಹಾಕಿರಿ. ರಾಜಾರಾಮಣ್ಣನವರು ಹುಟ್ಟಿದ್ದು ನಮ್ಮ ತಿಪಟೂರಿನಲ್ಲಿ, 1925ರಲ್ಲಿ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು, ಅಣುಶಕ್ತಿ ಆಯೋಗದ ಅಧ್ಯಕ್ಷರಾದರು, ಪಿಯಾನೊ ಕೂಡ ನುಡಿಸುತ್ತಿದ್ದರು. ನಮ್ಮ ಊರಿನ ಮಕ್ಕಳಿಗೆ ಅವರ ಹೆಸರನ್ನಾದರೂ ನಾವು ಹೇಳಿಕೊಡಬೇಕು.

ಕೆಜಿಎಫ್ ನಿವೃತ್ತ ಎಂಜಿನಿಯರ್

ಮಗು, ನಿನ್ನ ತಂದೆಯವರು ಕೇಳಿದ ಪ್ರಶ್ನೆಯನ್ನೇ 1969ರಲ್ಲಿ ನನ್ನ ತಾಯಿ ಕೇಳಿದ್ದರು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಕೋಲಾರ ಚಿನ್ನದ ಗಣಿಯ ಹುಡುಗ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ತಂದೆ ಗಣಿಯ ವಿದ್ಯುತ್ ವಿಭಾಗದಲ್ಲಿದ್ದರು. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ನಮ್ಮ ಊರಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಆ ವಿದ್ಯುತ್ತಿನಿಂದ ದೀಪ ಉರಿಯುವುದಕ್ಕಿಂತ ಮುಖ್ಯವಾದ ಕೆಲಸ ನಮ್ಮಲ್ಲಿ ನಡೆಯುತ್ತಿತ್ತು. ಅದು ಜನರನ್ನು ಭೂಮಿಯೊಳಗೆ ಇಳಿಸಿ ಮತ್ತೆ ಮೇಲಕ್ಕೆ ಎತ್ತುತ್ತಿತ್ತು, ಕೆಳಗಿನ ನೀರನ್ನು ಹೊರಹಾಕುತ್ತಿತ್ತು, ಕೆಳಗಿದ್ದವರಿಗೆ ಗಾಳಿ ಕಳಿಸುತ್ತಿತ್ತು. ವಿದ್ಯುತ್ ಹೋದರೆ ಮೇಲೆ ಕತ್ತಲೆ, ಕೆಳಗೆ ಗಂಡಾಂತರ. ನನ್ನ ತಂದೆ ರಾತ್ರಿ ಮಲಗಿದ್ದಾಗ ದೀಪ ಮಿನುಗಿದರೂ ಎದ್ದು ಅಂಗಿ ಹಾಕಿಕೊಳ್ಳುತ್ತಿದ್ದರು.

1968ರಲ್ಲಿ ಬೆಂಗಳೂರಿನಲ್ಲಿ ಪದವಿ ಮುಗಿಸಿ, ಮರುವರ್ಷ ಮುಂಬಯಿಯ ಟ್ರಾಂಬೆಯಲ್ಲಿರುವ ಅಣುಶಕ್ತಿ ಇಲಾಖೆಯ ತರಬೇತಿ ಶಾಲೆ ಸೇರಿದೆ. ಹೋಮಿ ಭಾಭಾ 1957ರಲ್ಲಿ ಆರಂಭಿಸಿದ ಶಾಲೆ ಅದು. ನಾವು ಹೋಗುವ ವೇಳೆಗೆ ಅವರು ಇರಲಿಲ್ಲ. ನಾನು ಸೇರಿದ ವರ್ಷವೇ ಅಕ್ಟೋಬರಿನಲ್ಲಿ ತಾರಾಪುರದ ಅಣುವಿದ್ಯುತ್ ಸ್ಥಾವರ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಅಮೆರಿಕದ ವಿನ್ಯಾಸ, ಎರಡು ಘಟಕ. ನನ್ನನ್ನು ಕಳಿಸಿದ್ದು ರಾಜಸ್ಥಾನದ ರಾವತ್‌ಭಾಟಾಕ್ಕೆ, ಚಂಬಲ್ ನದಿಯ ದಂಡೆಗೆ. ಅಲ್ಲಿ ಕೆನಡಾದ ಡಗ್ಲಸ್ ಪಾಯಿಂಟ್ ಸ್ಥಾವರದ ಮಾದರಿಯಲ್ಲಿ, ಭಾರಜಲ ಎಂಬ ವಿಶೇಷ ನೀರನ್ನು ಬಳಸುವ ರಿಯಾಕ್ಟರ್ ಕಟ್ಟುತ್ತಿದ್ದರು.

ಹೋದ ಮೊದಲ ವಾರ ನಾನೂ ಜನರೇಟರ್ ಎಲ್ಲಿದೆ ಎಂದೇ ಹುಡುಕಿದೆ. ನಮ್ಮ ಹಿರಿಯರೊಬ್ಬರು ಕರೆದು, "ಇಲ್ಲಿಂದ ವಿದ್ಯುತ್ ಹೊರಗೆ ಹೋಗುವುದನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಒಳಗೆ ಬರುವುದನ್ನು ನೀನು ನೋಡಿಕೊ" ಎಂದರು. ಉಳಿದ ಮೂವತ್ತೈದು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ.

ಏಕೆಂದು ಹೇಳುತ್ತೇನೆ. ಕಲ್ಲಿದ್ದಲಿನ ಬಾಯ್ಲರ್ ನಿಲ್ಲಿಸಿದರೆ ಬೆಂಕಿ ಆರುತ್ತದೆ. ರಿಯಾಕ್ಟರ್‌ನಲ್ಲಿ ವಿದಳನ, ಅಂದರೆ ಪರಮಾಣು ಒಡೆಯುವ ಕ್ರಿಯೆ, ನಿಂತರೂ ಅದರಿಂದ ಹುಟ್ಟಿದ ಧಾತುಗಳು ಕ್ಷಯಿಸುತ್ತಾ ಶಾಖ ಕೊಡುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಅದು ಪೂರ್ಣ ಶಾಖದ ಶೇ 6ರಿಂದ 7ರಷ್ಟು. 220 ಮೆಗಾವಾಟ್ ವಿದ್ಯುತ್ ಕೊಡುವ ಘಟಕದಲ್ಲಿ ಹುಟ್ಟುವ ಶಾಖ 750 ಮೆಗಾವಾಟ್‌ಗೆ ಸಮೀಪ. ಲೆಕ್ಕ ನೀನೇ ಹಾಕು: ಆರಿಸಿದ ಒಲೆಯಲ್ಲಿ ಸುಮಾರು 50 ಮೆಗಾವಾಟ್ ಶಾಖ! ಒಂದು ದಿನ ಕಳೆದರೂ ಶೇ ಅರ್ಧದಷ್ಟು ಉಳಿದಿರುತ್ತದೆ. ಅದನ್ನು ಹೊರತೆಗೆಯಲು ನೀರು ಹರಿಯಬೇಕು, ನೀರು ಹರಿಯಲು ಪಂಪ್ ತಿರುಗಬೇಕು, ಪಂಪ್ ತಿರುಗಲು ವಿದ್ಯುತ್ ಬೇಕು. ಆ ಹೊತ್ತಿಗೆ ನಮ್ಮದೇ ಜನರೇಟರ್ ನಿಂತಿರುತ್ತದೆ. ಹೊರಗಿನ ಗ್ರಿಡ್, ಅಂದರೆ ಸ್ಥಾವರಗಳನ್ನೂ ಊರುಗಳನ್ನೂ ಜೋಡಿಸುವ ವಿದ್ಯುತ್ ಜಾಲ ಕೂಡ ಕೈಕೊಟ್ಟಿರಬಹುದು.

ಹಾಗಾಗಿ ನಮ್ಮಲ್ಲಿ ವಿದ್ಯುತ್ತನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿರುತ್ತಾರೆ. ನಾಲ್ಕನೆಯದು ಗ್ರಿಡ್‌ನಿಂದ ಅಥವಾ ನಮ್ಮ ಜನರೇಟರ್‌ನಿಂದ ಬರುವ ಸಾಮಾನ್ಯ ಪೂರೈಕೆ. ಅದು ಹೋದರೆ ಡೀಸೆಲ್ ಜನರೇಟರ್‌ಗಳು ತಾವಾಗಿ ಹೊತ್ತಿಕೊಂಡು ಮೂರನೆಯ ದರ್ಜೆಯನ್ನು ಹೊರುತ್ತವೆ. ಡೀಸೆಲ್ ಎದ್ದು ನಿಲ್ಲುವಷ್ಟು ಹೊತ್ತೂ ಕಾಯಲಾಗದ ಉಪಕರಣಗಳು ಎರಡನೆಯ ದರ್ಜೆಯವು. ಅವಕ್ಕೆ ಕಣ್ಣು ಮಿಟುಕಿಸುವಷ್ಟು ಅಂತರವೂ ಬೀಳಬಾರದು. ಎಲ್ಲದರ ಬುಡದಲ್ಲಿ ಒಂದನೆಯ ದರ್ಜೆ, ಬ್ಯಾಟರಿಗಳ ಏಕಮುಖ ವಿದ್ಯುತ್. ವಿದ್ಯುತ್ತನ್ನು ಜೋಡಿಸಿ ಕಡಿಯುವ ದೊಡ್ಡ ಸ್ವಿಚ್ಚಾದ ಬ್ರೇಕರ್‌ಗೆ "ಮುಚ್ಚು, ತೆರೆ" ಎಂದು ಹೇಳುವುದು ಆ ಬ್ಯಾಟರಿಯೇ. ನೋಡಲು ಬೇಸರ ತರಿಸುವ ಕೋಣೆ ಅದು. ಆಮ್ಲದ ವಾಸನೆ, ಸಾಲು ಸಾಲು ಡಬ್ಬಿಗಳು. ನನ್ನ ಮಟ್ಟಿಗೆ ಇಡೀ ಸ್ಥಾವರದಲ್ಲಿ ಅದಕ್ಕಿಂತ ಗೌರವದ ಜಾಗ ಇನ್ನೊಂದಿಲ್ಲ.

ಚಾಂಪಿಯನ್ ರೀಫ್ಸ್ ಮಗಳು

ಸರ್, ಓದುತ್ತಾ ಕಣ್ಣು ತುಂಬಿತು. ನಮ್ಮ ತಂದೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದರು. ಕೆಳಗಿನಿಂದ ಗಂಟೆ ಎಷ್ಟು ಬಾರಿ ಬಾರಿಸಿತು ಎಂಬುದನ್ನು ಕೇಳಿಯೇ ಜನರನ್ನು ಹೊತ್ತ ಕೇಜ್ ಎತ್ತಬೇಕು. ಕೆಲಸದ ಹೊತ್ತಿನಲ್ಲಿ ಅವರೊಂದಿಗೆ ಯಾರೂ ಮಾತನಾಡುವಂತಿರಲಿಲ್ಲ. ಆ ಅಭ್ಯಾಸದಿಂದ ಮನೆಯಲ್ಲೂ ಅವರು ಬಹಳ ಕಡಿಮೆ ಮಾತನಾಡುತ್ತಿದ್ದರು. ಬಾಂಬೆಯಿಂದ ವಿಜ್ಞಾನಿಗಳು ಬಂದು ನಮ್ಮ ಗಣಿಯ ಆಳದಲ್ಲಿ ಯಾವುದೋ ಕಣ ಹುಡುಕುತ್ತಿದ್ದಾರೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಅದಕ್ಕೂ ಅಣುವಿದ್ಯುತ್ತಿಗೂ ಸಂಬಂಧವಿತ್ತೇ?

ಕೆಜಿಎಫ್ ನಿವೃತ್ತ ಎಂಜಿನಿಯರ್

ನೇರ ಸಂಬಂಧ ಇರಲಿಲ್ಲ ತಾಯಿ. ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ಜೊತೆಗೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೂ ಇದ್ದರು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು 1965ರಲ್ಲಿ ಸಿಕ್ಕಿದ್ದು ನಿಮ್ಮ ಚಾಂಪಿಯನ್ ರೀಫ್ಸ್‌ನ ಆಳದಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ. ಆ ಉಪಕರಣಗಳು ಇಳಿದದ್ದೂ ಕೇಜ್‌ನಲ್ಲಿಯೇ. ನಿಮ್ಮ ತಂದೆಯಂಥವರ ಕೈ ನಂಬಿ ವಿಜ್ಞಾನಿಗಳೂ ಇಳಿದರು. ಅದನ್ನು ಯಾರೂ ಪ್ರಬಂಧದಲ್ಲಿ ಬರೆಯುವುದಿಲ್ಲ, ನಾವಾದರೂ ಬರೆಯೋಣ. 2001ರಲ್ಲಿ ಗಣಿ ಮುಚ್ಚಿದ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ.

ಪಾವಗಡದ ರೈತ

ಹಿರಿಯರ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತಿದ್ದೇನೆ. ನಮ್ಮ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ಜಮೀನನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಕೊಟ್ಟಿದ್ದೇವೆ. ಮಳೆಯೇ ಬಾರದ ನೆಲದಲ್ಲಿ ಬಿಸಿಲನ್ನೇ ಬೆಳೆದ ಹಾಗಾಯಿತು. ಕೈಗಾದ ನಾಲ್ಕೂ ಘಟಕ ಸೇರಿದರೆ 880 ಮೆಗಾವಾಟ್. ಅಷ್ಟಕ್ಕೆ ನಾಲ್ಕು ದರ್ಜೆ ವಿದ್ಯುತ್, ಡೀಸೆಲ್, ಬ್ಯಾಟರಿ, ಇಷ್ಟೊಂದು ಭಯ ಏಕೆ? ಹೊಸ ಹುಡುಗರು ಸೌರಶಕ್ತಿ ಕಡೆಗೆ ಬರಲಿ ಎಂಬುದು ನನ್ನ ಆಸೆ.

ಕೆಜಿಎಫ್ ನಿವೃತ್ತ ಎಂಜಿನಿಯರ್

ನಿಮ್ಮ ನೆಲಕ್ಕೆ ಆದಾಯ ಬಂದದ್ದು ಸಂತೋಷದ ವಿಷಯ. ಸೌರಶಕ್ತಿ ಬೇಡವೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಮೆಗಾವಾಟ್‌ಗೆ ಮೆಗಾವಾಟ್ ಹೋಲಿಸಬಾರದು. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ಎಡೆಬಿಡದೆ ನಡೆದು ನಿಂತಿತು. ಹಗಲು, ರಾತ್ರಿ, ಮಳೆಗಾಲ ಎಲ್ಲವೂ ಸೇರಿ.

ಇನ್ನೊಂದು ವಿಷಯವನ್ನು ವಿದ್ಯಾರ್ಥಿಗಾಗಿ ಹೇಳುತ್ತೇನೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಟನ್‌ಗಟ್ಟಲೆ ತೂಕದ ರೋಟರ್‌ಗೆ ಜಡತ್ವವಿದೆ. ಎಲ್ಲೋ ಒಂದು ಸ್ಥಾವರ ಥಟ್ಟನೆ ಕಳಚಿಕೊಂಡರೆ ಆ ಜಡತ್ವವೇ ಗ್ರಿಡ್‌ನ ಆವರ್ತನವನ್ನು (ಫ್ರೀಕ್ವೆನ್ಸಿ) ಕೆಲವು ಕ್ಷಣ ಹಿಡಿದು ನಿಲ್ಲಿಸುತ್ತದೆ. ಸೌರ ಫಲಕಕ್ಕೆ ತಿರುಗುವ ಭಾಗವೇ ಇಲ್ಲ. ಅದರ ಇನ್ವರ್ಟರ್‌ಗೆ ಆ ಗುಣ ಕಲಿಸುವುದು ನಿನ್ನ ತಲೆಮಾರಿನ ಕೆಲಸ. ಬಹಳ ಒಳ್ಳೆಯ ಕೆಲಸ.

ನಮ್ಮ ಕಾಲದಲ್ಲಿ ಗ್ರಿಡ್‌ನದು ಬೇರೆಯೇ ಸಂಕಟ. 50 ಹರ್ಟ್ಸ್ ಇರಬೇಕಾದ ಆವರ್ತನ 48ರ ಸಮೀಪಕ್ಕೆ ಇಳಿಯುತ್ತಿತ್ತು. ಟರ್ಬೈನ್‌ನ ಉದ್ದನೆಯ ಬ್ಲೇಡ್‌ಗಳಿಗೆ ಆ ವೇಗ ಆಗುವುದಿಲ್ಲ, ನಡುಕ ಹತ್ತುತ್ತದೆ. ಗ್ರಿಡ್ ಕಳಚಿದರೆ ನಮ್ಮ ರಿಯಾಕ್ಟರ್ ನಿಲ್ಲುತ್ತಿತ್ತು. ನಿಂತ ಮೇಲೆ ಅದರೊಳಗೆ ಕ್ಸೆನಾನ್-135 ಎಂಬ ಅನಿಲ ಹೆಚ್ಚುತ್ತದೆ. ನ್ಯೂಟ್ರಾನ್‌ಗಳನ್ನು ಅದು ನುಂಗಿಬಿಡುತ್ತದೆ. ಸಹಜ ಯುರೇನಿಯಂ ಬಳಸುವ ರಿಯಾಕ್ಟರ್‌ನಲ್ಲಿ ಆ ನಷ್ಟ ತುಂಬಲು ಹೆಚ್ಚಿನ ಬಲವಿಲ್ಲ. ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಆರಂಭಿಸಬೇಕು, ಇಲ್ಲವಾದರೆ ಒಂದೂವರೆ ದಿನ ಕೈಕಟ್ಟಿ ಕುಳಿತುಕೊಳ್ಳಬೇಕು. ಆ ಅರ್ಧ ಗಂಟೆಯಲ್ಲಿ ಯಾವ ರಿಲೇ (ದೋಷ ಕಂಡೊಡನೆ ವಿದ್ಯುತ್ ಕಡಿಸುವ ಉಪಕರಣ) ಏಕೆ ಬಿತ್ತು ಎಂದು ಕಂಡುಹಿಡಿದು, "ದೋಷ ನಮ್ಮದಲ್ಲ, ಹೊರಗಿನದು" ಎಂದು ಎದೆಯ ಮೇಲೆ ಕೈಯಿಟ್ಟು ಹೇಳಬೇಕಾದವನು ಎಲೆಕ್ಟ್ರಿಕಲ್ ಎಂಜಿನಿಯರ್. ಖಚಿತವಿಲ್ಲದಿದ್ದರೆ ಒಂದೂವರೆ ದಿನದ ನಷ್ಟವನ್ನು ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಂಡ ರಾತ್ರಿಗಳು ಹಲವು. ಒಂದಕ್ಕೂ ನನಗೆ ಪಶ್ಚಾತ್ತಾಪವಿಲ್ಲ.

1974ರ ಮೇ 18ರಂದು ಪೋಖರಣ್ ಪರೀಕ್ಷೆ ನಡೆದ ಮೇಲೆ ಕೆನಡಾ ಸಹಕಾರ ನಿಲ್ಲಿಸಿತು. ರಾವತ್‌ಭಾಟಾದ ಎರಡನೇ ಘಟಕ ಅರ್ಧದಲ್ಲಿತ್ತು. ನಕ್ಷೆ ಬರುವುದಿಲ್ಲ, ಬಿಡಿಭಾಗ ಬರುವುದಿಲ್ಲ. ಆ ಘಟಕ ವಾಣಿಜ್ಯ ಉತ್ಪಾದನೆಗೆ ಬಂದದ್ದು 1981ರಲ್ಲಿ. ಆ ಏಳು ವರ್ಷದಲ್ಲಿ ನಾವು ಕಲಿತಷ್ಟನ್ನು ಯಾವ ಕಾಲೇಜೂ ಕಲಿಸುತ್ತಿರಲಿಲ್ಲ. ಆಮೇಲೆ ನಮ್ಮವರೇ ಕಟ್ಟಿದ, ತಮಿಳುನಾಡಿನ ಕಲ್ಪಾಕ್ಕಂ ಸ್ಥಾವರ 1984ರ ಆರಂಭದಲ್ಲಿ ಉತ್ಪಾದನೆಗೆ ಬಂತು. ಆ ಯೋಜನೆಯ ಹೊಣೆ ಆರಂಭದಲ್ಲಿ ಹೊತ್ತವರು ಬೆಂಗಳೂರಿನಲ್ಲಿ ಹುಟ್ಟಿದ ಎಂ. ಆರ್. ಶ್ರೀನಿವಾಸನ್. 2025ರ ಮೇ ತಿಂಗಳಲ್ಲಿ ತೀರಿಕೊಂಡರು. ತಿಪಟೂರಿನವರೇ, ರಾಜಾರಾಮಣ್ಣನವರ ಜೊತೆಗೆ ಈ ಹೆಸರನ್ನೂ ಮಕ್ಕಳಿಗೆ ಹೇಳಿಕೊಡಿ.

ಮಾಲೂರಿನ ಗೃಹಿಣಿ

ಸರ್, ನಿಮ್ಮ ಮಾತಿನಲ್ಲಿ ಪ್ರಾಮಾಣಿಕತೆ ಇದೆ. ಆದರೂ ನನ್ನ ಹೆದರಿಕೆ ಹೋಗಲಿಲ್ಲ. 1994ರಲ್ಲಿ ಕೈಗಾದ ಗುಮ್ಮಟದ ಕಾಂಕ್ರೀಟ್ ಕುಸಿದಾಗ ನಾನು ಕಾರವಾರದಲ್ಲಿ ಓದುತ್ತಿದ್ದೆ. ಏನಾಯಿತು ಎಂದು ನಮಗೆ ಸರಿಯಾಗಿ ಹೇಳುವವರೇ ಇರಲಿಲ್ಲ. ಸ್ಥಾವರ ಇನ್ನೂ ಆರಂಭವಾಗಿರಲಿಲ್ಲ, ವಿಕಿರಣದ ಪ್ರಶ್ನೆಯೇ ಇಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಮೊದಲ ಕೆಲವು ದಿನ ಮನೆಮನೆಯಲ್ಲಿ ವದಂತಿಯೇ ಸುದ್ದಿಯಾಗಿತ್ತು. ನಾಲ್ಕು ದರ್ಜೆ ವಿದ್ಯುತ್ ಇದ್ದರೂ ನಾಲ್ಕೂ ಒಟ್ಟಿಗೆ ಹೋದರೆ? ನೇರವಾಗಿ ಉತ್ತರಿಸಿ.

ಕೆಜಿಎಫ್ ನಿವೃತ್ತ ಎಂಜಿನಿಯರ್

ನೇರವಾಗಿಯೇ ಹೇಳುತ್ತೇನೆ ತಾಯಿ. ಹೋಗಿವೆ.

1993ರ ಮಾರ್ಚ್ 31ರ ನಸುಕಿನಲ್ಲಿ, ಉತ್ತರ ಪ್ರದೇಶದ ನರೋರಾದ ಒಂದನೇ ಘಟಕದಲ್ಲಿ. ನಾನು ಅಲ್ಲಿ ಇರಲಿಲ್ಲ. ಟರ್ಬೈನ್‌ನ ಎರಡು ಬ್ಲೇಡ್‌ಗಳು ಮುರಿದವು. ತೂಕ ತಪ್ಪಿದ ರೋಟರ್ ಇಡೀ ಯಂತ್ರವನ್ನು ನಡುಗಿಸಿತು. ಜನರೇಟರ್ ತಣ್ಣಗಿರಲೆಂದು ಅದರೊಳಗೆ ಹೈಡ್ರೋಜನ್ ತುಂಬಿರುತ್ತಾರೆ. ಅದು ಸೋರಿ ಹೊತ್ತಿಕೊಂಡಿತು. ಎಣ್ಣೆಗೂ ಬೆಂಕಿ ತಗುಲಿ, ಕೇಬಲ್‌ಗಳ ಮೇಲೆ ಓಡಿತು. ಡೀಸೆಲ್ ಜನರೇಟರ್‌ಗಳು ಬೇರೆ ಬೇರೆ ಇದ್ದವು, ಆದರೆ ಅವುಗಳಿಂದ ಹೊರಟ ಕೇಬಲ್‌ಗಳು ಒಂದೇ ದಾರಿಯಲ್ಲಿ ಅಕ್ಕಪಕ್ಕ ಸಾಗಿದ್ದವು, ನಡುವೆ ಬೆಂಕಿ ತಡೆಯುವ ಗೋಡೆ ಇರಲಿಲ್ಲ. ಒಂದೇ ಬೆಂಕಿಗೆ ಎಲ್ಲವೂ ಸುಟ್ಟವು. ಸುಮಾರು 17 ಗಂಟೆ ಆ ಘಟಕಕ್ಕೆ ವಿದ್ಯುತ್ ಇರಲಿಲ್ಲ. ಹೊಗೆ ತುಂಬಿದ್ದರಿಂದ ನಿಯಂತ್ರಣ ಕೊಠಡಿಯನ್ನೂ ಬಿಡಬೇಕಾಯಿತು.

ರಿಯಾಕ್ಟರ್ ಅಷ್ಟರಲ್ಲಿ ನಿಂತಿತ್ತು. ಅದನ್ನು ನಿಲ್ಲಿಸುವ ವ್ಯವಸ್ಥೆಯ ರಿಲೇಗಳಿಗೆ ವಿದ್ಯುತ್ ಇದ್ದರೆ ಮಾತ್ರ ರಿಯಾಕ್ಟರ್ ನಡೆಯುತ್ತದೆ, ವಿದ್ಯುತ್ ಹೋದರೆ ತಾನಾಗಿ ನಿಲ್ಲುತ್ತದೆ. ಸಮಸ್ಯೆ ಉಳಿದದ್ದು ಆ ಶಾಖದ್ದು. ಬೆಂಕಿ ಆರಿಸಲು ಇಟ್ಟಿದ್ದ, ಡೀಸೆಲ್ ಎಂಜಿನ್‌ನಿಂದ ನೇರವಾಗಿ ನಡೆಯುವ ಪಂಪ್‌ಗಳಿಂದ ಉಗಿ ಜನಕಗಳಿಗೆ ನೀರು ಹಾಯಿಸಿದರು. ಸಿಬ್ಬಂದಿ ಕೈಯಲ್ಲಿ ಟಾರ್ಚ್ ಹಿಡಿದು ಕತ್ತಲೆಯಲ್ಲಿ ಮೇಲೆ ಹತ್ತಿ, ನ್ಯೂಟ್ರಾನ್ ನುಂಗುವ ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದಲೇ ತಿರುಗಿಸಿ ತೆರೆದರು. ವಿಕಿರಣ ಹೊರಗೆ ಬರಲಿಲ್ಲ. ಅಂತರರಾಷ್ಟ್ರೀಯ ಮಾಪಕದಲ್ಲಿ ಅದನ್ನು 3ನೇ ಮಟ್ಟದ ಘಟನೆ ಎಂದು ದಾಖಲಿಸಲಾಗಿದೆ.

ಆ ಸುದ್ದಿ ಬಂದಾಗ ನನಗೆ ಬಂದದ್ದು ಸಿಟ್ಟು. ಕೇಬಲ್‌ಗಳನ್ನು ಬೇರೆ ಬೇರೆ ದಾರಿಯಲ್ಲಿ ಒಯ್ಯಬೇಕು ಎಂಬುದು ನಮಗೆ ಗೊತ್ತಿಲ್ಲದ ತತ್ತ್ವವೇನಲ್ಲ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ಮೇಣದಬತ್ತಿಯಿಂದ ಗಾಳಿಯ ಸೋರಿಕೆ ಪರೀಕ್ಷಿಸಲು ಹೋಗಿ ಕೇಬಲ್‌ಗಳಿಗೆ ಬೆಂಕಿ ಬಿದ್ದಿತ್ತು. ಜಗತ್ತು ಆಗಲೇ ಪಾಠ ಕಲಿತಿರಬೇಕಿತ್ತು. ನರೋರಾದ ನಂತರ ನಾನು ಬಹಳ ಕಾಲ ಮಾಡಿದ್ದು ಒಂದೇ ಕೆಲಸ: ನಕ್ಷೆ ಹಿಡಿದು ಒಂದೊಂದೇ ಕೇಬಲ್‌ನ ಹಿಂದೆ ಮೊಣಕಾಲೂರಿ ನಡೆದು, ಎಲ್ಲಿ ಎರಡು ದಾರಿ ಒಂದಾಗುತ್ತವೆ ಎಂದು ಗುರುತು ಹಾಕುವುದು. ನಕ್ಷೆಯಲ್ಲಿ ಬೇರೆ ಇದ್ದವು ನೆಲದ ಮೇಲೆ ಕೂಡಿಕೊಂಡಿದ್ದನ್ನು ಕಂಡಿದ್ದೇನೆ. ಅಂಥ ಕಡೆ ದಾರಿ ಬದಲಿಸಿದೆವು, ತಡೆಗೋಡೆ ಕಟ್ಟಿಸಿದೆವು, ಗೋಡೆ ತೂರಿದ ರಂಧ್ರಗಳನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಿಸಿದೆವು.

2004ರ ಸುನಾಮಿಯಲ್ಲಿ ಕಲ್ಪಾಕ್ಕಂನ ಪಂಪ್ ಮನೆಗೆ ಸಮುದ್ರದ ನೀರು ನುಗ್ಗಿತು. ನಡೆಯುತ್ತಿದ್ದ ಎರಡನೇ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಿ, ಕೆಲವೇ ದಿನಗಳಲ್ಲಿ ಮತ್ತೆ ಆರಂಭಿಸಿದರು. 2011ರಲ್ಲಿ ಫುಕುಶಿಮಾದಲ್ಲಿ ಆ ಅದೃಷ್ಟ ಇರಲಿಲ್ಲ. ಡೀಸೆಲ್ ಜನರೇಟರ್‌ಗಳು ತಗ್ಗಿನಲ್ಲಿದ್ದವು, ನೀರು ಬಂತು, ಕೆಲವು ಘಟಕಗಳಲ್ಲಿ ಬ್ಯಾಟರಿಯೂ ಹೋಯಿತು. ಅಲ್ಲಿನ ಸಿಬ್ಬಂದಿ ಕಾರು ಬ್ಯಾಟರಿಗಳನ್ನು ಜೋಡಿಸುತ್ತಿದ್ದಾರೆ ಎಂಬ ವಾರ್ತೆಯನ್ನು ಟೀವಿ ಮುಂದೆ ಕುಳಿತು ಕೇಳಿ ನಾನು ಅತ್ತಿದ್ದೇನೆ. ಆ ಕೈಗಳ ಅವಸ್ಥೆ ನನಗೆ ಅರ್ಥವಾಗುತ್ತಿತ್ತು.

ಸರಿಯಾಗಿ ಹೇಳುವವರಿರಲಿಲ್ಲ ಎಂಬ ನಿಮ್ಮ ದೂರನ್ನು ನಾನು ಒಪ್ಪುತ್ತೇನೆ. ಅಣುಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾದದ್ದೇ 1983ರಲ್ಲಿ. ಅದಕ್ಕೂ ಮೊದಲು ಕಟ್ಟುವವರೂ ತಪಾಸಣೆ ಮಾಡುವವರೂ ಒಂದೇ ಮನೆಯವರು. ಜನರಿಗೆ ಅವರ ಭಾಷೆಯಲ್ಲಿ ಹೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಲೇ ಇಲ್ಲ. ನಾನೂ ಅದರಲ್ಲಿ ಒಬ್ಬ. ಎಂಬತ್ತರ ವಯಸ್ಸಿನಲ್ಲಿ ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಮೊದಲೇ ಬರೆಯಬೇಕಿತ್ತು.

ಮಾಲೂರಿನ ಗೃಹಿಣಿ

"ಹೋಗಿವೆ" ಎಂದು ನೀವು ಬರೆದ ಒಂದು ಪದಕ್ಕೆ ಧನ್ಯವಾದ. ಹೆದರಿಕೆ ಇದೆ, ಆದರೆ ಈಗ ಯಾವುದಕ್ಕೆ ಹೆದರಬೇಕು ಎಂಬುದು ತಿಳಿದಿದೆ.

ಗೌರಿಬಿದನೂರು ಮೇಷ್ಟರು

ಚಿಕ್ಕಬಳ್ಳಾಪುರ ಜಿಲ್ಲೆಯ ಪಾಲನ್ನೂ ಸೇರಿಸುತ್ತೇನೆ. ಜಗತ್ತಿನಲ್ಲಿ ಎಲ್ಲೇ ಭೂಗತ ಅಣುಪರೀಕ್ಷೆ ನಡೆದರೂ ಆ ಕಂಪನವನ್ನು ಹಿಡಿಯಲು ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ಕಂಪನಮಾಪಕಗಳ ಸಾಲನ್ನು ಸ್ಥಾಪಿಸಿದರು. ಟ್ರಾಂಬೆಯ ಭಾಭಾ ಕೇಂದ್ರದವರೇ ನಡೆಸುವ ಕೇಂದ್ರ. ಗಟ್ಟಿ ಬಂಡೆಯ ನೆಲ, ಸದ್ದುಗದ್ದಲ ಕಡಿಮೆ, ಅದಕ್ಕೇ ಈ ಜಾಗ. ಇಂಗ್ಲಿಷ್ ಅಕ್ಷರ ಎಲ್ ಆಕಾರದಲ್ಲಿ ಎರಡು ತೋಳು, ಹೊಲಗಳ ನಡುವೆ ಸಣ್ಣ ಸಣ್ಣ ಗುಂಡಿಗಳಲ್ಲಿ ಉಪಕರಣಗಳು. ನಮ್ಮ ಶಾಲೆಯ ಮಕ್ಕಳು ದಿನವೂ ಅದರ ಪಕ್ಕದಲ್ಲಿ ನಡೆದು ಬರುತ್ತಾರೆ. ಹಿರಿಯರು ಒಮ್ಮೆ ಬಂದು ಮಾತನಾಡಿದರೆ ನಮ್ಮ ಭಾಗ್ಯ.

ಗುಬ್ಬಿಯ ವಿದ್ಯಾರ್ಥಿ

ಸರ್, ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. "ಅರ್ಜಿ ಹಾಕು" ಎಂದರು. ಈಗ ಬೇರೊಂದು ಸಂಕಟ. ತರಬೇತಿಗಾಗಿ ಒಂದು ಕಾರ್ಖಾನೆಗೆ ಹೋಗುತ್ತಿದ್ದೇನೆ, ಹೆಸರು ಬೇಡ. ನೀವು ಬರೆದದ್ದನ್ನು ಓದಿದ ಮೇಲೆ ಅಲ್ಲಿನ ಬ್ಯಾಟರಿ ಕೋಣೆಗೆ ಹೋಗಿ ದಾಖಲೆ ಪುಸ್ತಕ ನೋಡಿದೆ. ಎಂಟು ತಿಂಗಳಿಂದ ಪ್ರತಿ ಕೋಶದ ಮುಂದೆ ಒಂದೇ ಅಂಕಿ, ಒಂದೇ ಶಾಯಿ, ಒಂದೇ ಕೈಬರಹ. ಒಂದು ಕೋಶದ ತುದಿಯಲ್ಲಿ ಹಸಿರು ಕಿಲುಬು ಕಟ್ಟಿದೆ. ಯಾರಿಗೆ ಹೇಳಲಿ? ನಾನು ಅಲ್ಲಿ ಬರೀ ವಿದ್ಯಾರ್ಥಿ.

ಕೆಜಿಎಫ್ ನಿವೃತ್ತ ಎಂಜಿನಿಯರ್

ಮಗು, ನೀನು ಕಂಡದ್ದನ್ನು ನಾನೂ ಒಮ್ಮೆ ಕಂಡಿದ್ದೇನೆ. ಯಾವ ಊರು, ಯಾವ ವರ್ಷ ಎಂದು ಹೇಳುವುದಿಲ್ಲ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿ ಅದರ ಸಾಮರ್ಥ್ಯ ಅಳೆಯುವ ಪರೀಕ್ಷೆಯೊಂದಿದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಮತ್ತೆ ತುಂಬಲು ಇನ್ನೊಂದು ದಿನ. ನನ್ನ ಮೇಲಿನವರು ಪರೀಕ್ಷೆ ಮುಗಿದಿದೆ ಎಂದು ಬರೆದ ಹಾಳೆಯನ್ನು ನನ್ನ ಸಹಿಗೆ ಕಳಿಸಿದರು. ಪರೀಕ್ಷೆ ನಡೆದೇ ಇರಲಿಲ್ಲ. ನಾನು ಸಹಿ ಹಾಕಲಿಲ್ಲ. ಮೂರು ದಿನ ಒತ್ತಡ ಬಂತು, ನಾಲ್ಕನೇ ದಿನ ಪರೀಕ್ಷೆ ನಡೆಸಿದೆವು. ಎರಡು ಕೋಶಗಳು ಅರ್ಧ ದಾರಿಯಲ್ಲೇ ಕುಸಿದವು. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಮಗಳ ಶಾಲೆ ಬಿಡಿಸಿ ಬೇರೆ ಊರಿಗೆ ವರ್ಗವಾಗಿ ಹೋಗಬೇಕಾಯಿತು. ಹೆಂಡತಿ ಸಾಮಾನು ಕಟ್ಟುತ್ತಾ ಒಂದೇ ಮಾತು ಕೇಳಿದಳು: "ಆ ಡಬ್ಬಿಗಳು ನಿಜವಾಗಿಯೂ ಕೆಟ್ಟಿದ್ದವೇ?" ಹೌದು ಎಂದೆ. ಮತ್ತೆ ಆ ವಿಷಯವನ್ನು ಅವಳು ಎತ್ತಲಿಲ್ಲ. ಮಗಳು ಮಾತ್ರ ಗೆಳತಿಯರನ್ನು ಬಿಟ್ಟು ಬಂದದ್ದನ್ನು ಬಹಳ ವರ್ಷ ಮರೆಯಲಿಲ್ಲ. ಆ ನೋವು ನನಗೆ ಈಗಲೂ ಇದೆ.

ಈಗ ನಿನ್ನ ವಿಷಯ. ಮೊದಲೇ ದೂರು ಕೊಡಬೇಡ, ಮೊದಲು ಅಳತೆ ಮಾಡು. ಅಲ್ಲಿನ ಮೇಲ್ವಿಚಾರಕರ ಬಳಿ ಹೋಗಿ, "ಕಲಿಯಲು ಬಂದಿದ್ದೇನೆ, ಕೋಶಗಳನ್ನು ಅಳೆಯಲು ಅನುಮತಿ ಕೊಡಿ" ಎಂದು ಕೇಳು. ಒಬ್ಬನೇ ಹೋಗಬೇಡ, ಅಲ್ಲಿನ ಎಲೆಕ್ಟ್ರಿಷಿಯನ್ ಜೊತೆಗಿರಲಿ. ಕೈಗವಸು, ಕನ್ನಡಕ ಹಾಕಿಕೊ. ಉಂಗುರ, ಗಡಿಯಾರ ತೆಗೆದಿಡು. ಗಾಳಿಯಾಡಲು ಬಿಡು, ಅಲ್ಲಿ ಹೈಡ್ರೋಜನ್ ಇರುತ್ತದೆ, ಕಿಡಿ ಹಾರಬಾರದು. ಪ್ರತಿ ಕೋಶವೂ 2 ವೋಲ್ಟ್ ಆಸುಪಾಸಿನಲ್ಲಿರಬೇಕು. ಹೈಡ್ರೋಮೀಟರ್‌ನಿಂದ ಆಮ್ಲದ ಸಾಂದ್ರತೆ ನೋಡು. ಎಲ್ಲದರ ಅಂಕಿಯೂ ಒಂದೇ ಬಂದರೆ ಇನ್ನೊಮ್ಮೆ ಅಳೆ, ಏಕೆಂದರೆ ಹಾಗೆ ಬರುವುದಿಲ್ಲ. ಕಂಡದ್ದನ್ನು ದಿನಾಂಕ, ಗಂಟೆ ಸಹಿತ ನಿನ್ನ ಪುಸ್ತಕದಲ್ಲಿ ಬರೆದುಕೊ. ಆ ಎಲೆಕ್ಟ್ರಿಷಿಯನ್‌ನಿಂದಲೇ ಕಿಲುಬು ಒರೆಸಿ ಬಿಗಿ ಮಾಡಿಸು.

ಆ ಪುಸ್ತಕ ತೆಗೆದುಕೊಂಡು ಭಾನುವಾರ ಮಾರಿಕುಪ್ಪಂ ರೈಲು ಹತ್ತಿ ಬಾ. ಊರಿಗಾಂ ನಿಲ್ದಾಣದಲ್ಲಿ ನಿಂತಿರುತ್ತೇನೆ. ಅಂಕಿಗಳನ್ನು ನೋಡಿ, ಯಾರಿಗೆ ಹೇಗೆ ಬರೆಯಬೇಕು ಎಂದು ಇಬ್ಬರೂ ಕುಳಿತು ಯೋಚಿಸೋಣ. ನಿನ್ನ ತಂದೆಯವರನ್ನೂ ಕರೆದುಕೊಂಡು ಬಾ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.

ಚಾಂಪಿಯನ್ ರೀಫ್ಸ್ ಮಗಳು

ಸರ್, ನಾನೂ ಬರಬಹುದೇ? ಅಪ್ಪ ಬರೆದಿಟ್ಟ ಗಂಟೆಯ ಸಂಕೇತಗಳ ಪಟ್ಟಿ ನನ್ನ ಬಳಿ ಇದೆ. ಈ ಹುಡುಗನಿಗೆ ತೋರಿಸಬೇಕು.

ಕೆಜಿಎಫ್ ನಿವೃತ್ತ ಎಂಜಿನಿಯರ್

ಖಂಡಿತ ಬನ್ನಿ ತಾಯಿ. ಪಟ್ಟಿಯನ್ನು ಮರೆಯದೆ ತನ್ನಿ.